ಸೋತ ತಂಡ, ಸಿಕ್ಕಿಬಿದ್ದ ಮೇಷ್ಟ್ರು

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ! ಈ ಹಳೆಯ ಗಾದೆ ಫುಟ್‌ಬಾಲ್ ಅಭಿಮಾನಿಗಳನ್ನು ನೋಡಿಯೇ ಹುಟ್ಟಿತೇನೋ ಎಂಬ ಅನುಮಾನ ಬರುತ್ತದೆ. ತಂಡ ಸತತ ಮೂರು ಪಂದ್ಯ ಸೋತರೆ ಸಾಕು, ಮೈದಾನದಲ್ಲಿ ಓಡಾಡಿದ ಹನ್ನೊಂದು ಮಂದಿಯನ್ನು ಬಿಟ್ಟು ಗೆರೆಯ ಆಚೆ ನಿಂತ ಒಬ್ಬನ ತಲೆದಂಡಕ್ಕೆ ಕೂಗು ಏಳುತ್ತದೆ. ಆತನಿಗೆ ಇಂಗ್ಲೆಂಡಿನಲ್ಲಿ ಮ್ಯಾನೇಜರ್ ಎನ್ನುತ್ತಾರೆ, ನಮ್ಮಲ್ಲಿ ಕೋಚ್ ಅಥವಾ ತರಬೇತುದಾರ ಎನ್ನುತ್ತಾರೆ. ಹೆಸರು ಯಾವುದಾದರೂ ಪಾಡು ಒಂದೇ.

ಬೀದರ್ ಜಿಲ್ಲೆ ಫುಟ್‌ಬಾಲ್‌ನ ತವರೇನಲ್ಲ. ಇಲ್ಲಿ ಕ್ರಿಕೆಟ್‌ನದೇ ರಾಜ್ಯಭಾರ. ಜಾತ್ರೆ ಬಂದರೆ ಕುಸ್ತಿ, ಶಾಲೆಯ ಅಂಗಳದಲ್ಲಿ ಕಬಡ್ಡಿ, ಕೊಕ್ಕೊ. ಆದರೂ ಬೀದರಿನ ಚೌಬಾರಾದ ಆಸುಪಾಸಿನ ಚಹಾದ ಅಂಗಡಿಗಳಿಂದ ಹಿಡಿದು ಭಾಲ್ಕಿಯ ಬಸ್ ನಿಲ್ದಾಣ, ಔರಾದ್‌ನ ಕಾಲೇಜು ಹುಡುಗರ ಗುಂಪಿನವರೆಗೆ ಈಗ ಮೊಬೈಲ್ ಪರದೆಯ ಮೇಲೆ ಮ್ಯಾಂಚೆಸ್ಟರ್ ಯುನೈಟೆಡ್ಡೂ ಇದೆ, ಬೆಂಗಳೂರು ಎಫ್‌ಸಿಯೂ ಇದೆ. ಆಟ ಬಂದ ಮೇಲೆ ಜಗಳವೂ ಬರಲೇಬೇಕಲ್ಲ. ‘ಕೋಚನ್ನು ಬದಲಿಸಿದರೆ ಎಲ್ಲ ಸರಿಹೋಗುತ್ತದೆ’ ಎಂದು ಒಬ್ಬ, ‘ಗೋಲು ಹೊಡೆಯಬೇಕಾದವನು ಕೋಚೇನು?’ ಎಂದು ಇನ್ನೊಬ್ಬ. ಚಹಾ ಆರಿದರೂ ವಾದ ಆರುವುದಿಲ್ಲ.

ಈ ವಾದಕ್ಕೆ ಒಂದು ಇತಿಹಾಸವಿದೆ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ಬೀದರ್ ಜಿಲ್ಲೆ ಒಂದು ಕಾಲಕ್ಕೆ ಸೇರಿದ್ದ ಹೈದರಾಬಾದ್ ರಾಜ್ಯದಲ್ಲಿಯೇ ಎಂಬುದು ಅನೇಕರಿಗೆ ತಿಳಿದಿರಲಾರದು.

ಹುದ್ದೆ ಹುಟ್ಟಿದ ಬಗೆ

ಕುಸ್ತಿಯಲ್ಲಿ ಈ ಪ್ರಶ್ನೆಯೇ ಇಲ್ಲ. ಪೈಲ್ವಾನ ಚಿತ್ ಆದರೆ ಸೋತವನು ಪೈಲ್ವಾನನೇ. ತಾಲೀಮಿನ ವಸ್ತಾದ ಬೇಸರ ಮಾಡಿಕೊಂಡಾನು, ಆದರೆ ಊರವರು ಆತನನ್ನು ಊರು ಬಿಡಿಸುವುದಿಲ್ಲ. ಫುಟ್‌ಬಾಲ್‌ನಲ್ಲಿಯೂ ಮೊದಮೊದಲು ಹೀಗೆಯೇ ಇತ್ತು. ಇಂಗ್ಲೆಂಡಿನಲ್ಲಿ 1888ರಲ್ಲಿ ಲೀಗ್ ಪಂದ್ಯಾವಳಿ ಆರಂಭವಾದಾಗ ತಂಡವನ್ನು ಆರಿಸುತ್ತಿದ್ದವರು ಹೆಚ್ಚಾಗಿ ಕ್ಲಬ್ಬಿನ ನಿರ್ದೇಶಕರು ಮತ್ತು ಸಮಿತಿಗಳು. ಲೆಕ್ಕಪತ್ರ, ಪ್ರಯಾಣದ ವ್ಯವಸ್ಥೆ ನೋಡಿಕೊಳ್ಳಲು ಒಬ್ಬ ಕಾರ್ಯದರ್ಶಿ ಇರುತ್ತಿದ್ದ. ಈ ಕಾರ್ಯದರ್ಶಿಯ ಹುದ್ದೆಯೇ ಕ್ರಮೇಣ ಬೆಳೆದು ಮ್ಯಾನೇಜರ್ ಆಯಿತು.

ಆಟಗಾರರ ಆಯ್ಕೆ, ಆಟದ ತಂತ್ರ, ಅಭ್ಯಾಸ ಎಲ್ಲವನ್ನೂ ಒಬ್ಬನೇ ಕೈಗೆ ತೆಗೆದುಕೊಂಡರೆ ಏನಾಗಬಹುದೆಂದು ತೋರಿಸಿದವನು ಹರ್ಬರ್ಟ್ ಚಾಪ್‌ಮನ್. ಹಡರ್ಸ್‌ಫೀಲ್ಡ್ ತಂಡವನ್ನು ಚಾಂಪಿಯನ್ ಮಾಡಿ, 1925ರಲ್ಲಿ ಆರ್ಸೆನಲ್‌ಗೆ ಬಂದ ಆತ 1934ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಆ ತಂಡವನ್ನು ದೇಶದ ಅಗ್ರಪಂಕ್ತಿಗೆ ತಂದಿದ್ದ. ‘ತಂಡ ಎಂದರೆ ಮ್ಯಾನೇಜರ್’ ಎಂಬ ನಂಬಿಕೆಗೆ ಬೇರು ಬಿಟ್ಟದ್ದು ಆಗ.

ಆದರೆ ಇಂಗ್ಲೆಂಡಿನ ರಾಷ್ಟ್ರೀಯ ತಂಡದ ಕಥೆ ಬೇರೆ. ಅದರ ಮೊದಲ ಮ್ಯಾನೇಜರ್ ವಾಲ್ಟರ್ ವಿಂಟರ್‌ಬಾಟಮ್ ನೇಮಕಗೊಂಡದ್ದು 1946ರಲ್ಲಿ. ವಿಚಿತ್ರವೆಂದರೆ ತಂಡವನ್ನು ಆರಿಸುವ ಅಧಿಕಾರ ಆತನಿಗಿರಲಿಲ್ಲ, ಅದು ಆಯ್ಕೆ ಸಮಿತಿಯ ಕೈಯಲ್ಲಿತ್ತು. 1950ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ಅಮೆರಿಕದಂಥ ಅನನುಭವಿ ತಂಡಕ್ಕೆ 0–1ರಿಂದ ಸೋತಿತು. 1953ರಲ್ಲಿ ತನ್ನದೇ ವೆಂಬ್ಲಿ ಮೈದಾನದಲ್ಲಿ ಹಂಗೆರಿಗೆ 3–6ರಿಂದ ಶರಣಾಯಿತು. ಆದರೂ ವಿಂಟರ್‌ಬಾಟಮ್ 1962ರವರೆಗೆ ಹುದ್ದೆಯಲ್ಲಿದ್ದ. ಅವನ ನಂತರ ಬಂದ ಆಲ್ಫ್ ರಾಮ್ಸೆ ‘ತಂಡದ ಆಯ್ಕೆ ನನ್ನದೇ ಆಗಬೇಕು’ ಎಂದು ಪಟ್ಟುಹಿಡಿದು ಅಧಿಕಾರ ಪಡೆದ. 1966ರಲ್ಲಿ ವಿಶ್ವಕಪ್ ಗೆದ್ದುಕೊಟ್ಟ. 1974ರ ವಿಶ್ವಕಪ್‌ಗೆ ತಂಡ ಅರ್ಹತೆ ಪಡೆಯದೆ ಹೋದಾಗ ಅದೇ ರಾಮ್ಸೆಯನ್ನು ಮನೆಗೆ ಕಳುಹಿಸಲಾಯಿತು. ಪೂರ್ಣ ಅಧಿಕಾರ ಕೇಳಿ ಪಡೆದವನು ಪೂರ್ಣ ಹೊಣೆಯನ್ನೂ ಹೊತ್ತ. ಇಲ್ಲೊಂದು ನ್ಯಾಯವಿದೆ ಎಂಬುದನ್ನು ಯಾರಾದರೂ ಒಪ್ಪಬೇಕು.

ಹೈದರಾಬಾದಿನ ರಹೀಂ ಸಾಹೇಬರು

ಈಗ ನಮ್ಮ ಕಡೆಗೆ ಬರೋಣ. ಬೀದರ್, ಭಾಲ್ಕಿ, ಔರಾದ್‌ಗಳು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವ ತನಕ ಹೈದರಾಬಾದ್ ರಾಜ್ಯದ ಭಾಗವಾಗಿದ್ದವು. ಆ ರಾಜ್ಯದ ರಾಜಧಾನಿಯಲ್ಲಿ ಸೈಯದ್ ಅಬ್ದುಲ್ ರಹೀಂ ಎಂಬ ಶಾಲಾ ಶಿಕ್ಷಕರಿದ್ದರು. 1909ರಲ್ಲಿ ಹುಟ್ಟಿದ ಇವರು 1943ರಿಂದ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದರು. 1950ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡದ ತರಬೇತಿಯ ಹೊಣೆಯನ್ನೂ ಹೊತ್ತರು. ಆ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ಮುಂಬೈಯ ರೋವರ್ಸ್ ಕಪ್ ಗೆದ್ದಿತು. ಕಲ್ಕತ್ತೆಯ ಕ್ಲಬ್ಬುಗಳ ಮುಂದೆ ಉಳಿದವರು ಬಾಲ ಮುದುರಿಕೊಳ್ಳುತ್ತಿದ್ದ ಕಾಲವದು!

1951ರಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ನಡೆದಾಗ ರಹೀಂ ಭಾರತ ತಂಡದ ತರಬೇತುದಾರರು. ಫೈನಲ್‌ನಲ್ಲಿ ಇರಾನ್ ವಿರುದ್ಧ ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಚಿನ್ನ ನಮ್ಮದಾಯಿತು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್. 1952ರ ಜುಲೈ 15ರಂದು ಯುಗೊಸ್ಲಾವಿಯಾ ವಿರುದ್ಧದ ಪಂದ್ಯದಲ್ಲಿ ಅದೇ ಭಾರತ ತಂಡ 1–10ರಿಂದ ನೆಲಕಚ್ಚಿತು. ನಮ್ಮ ಪರವಾಗಿ ದಾಖಲಾದ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್.

ಹತ್ತು ಗೋಲು! ಇಂದಿನ ದಿನವಾಗಿದ್ದರೆ ವಿಮಾನ ಇಳಿಯುವ ಮುಂಚೆಯೇ ತರಬೇತುದಾರನ ರಾಜೀನಾಮೆ ಬರೆದಿಟ್ಟಿರುತ್ತಿದ್ದರು. ಆದರೆ ಆ ಸೋಲನ್ನು ಸ್ವಲ್ಪ ಬಿಡಿಸಿ ನೋಡಬೇಕು. ನಮ್ಮ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು, ಎದುರಾಳಿಗಳು ಬೂಟು ತೊಟ್ಟಿದ್ದರು. ದೇಶದೊಳಗಿನ ಪಂದ್ಯಗಳು ಸಾಮಾನ್ಯವಾಗಿ 70 ನಿಮಿಷದವು, ಒಲಿಂಪಿಕ್ಸ್‌ನಲ್ಲಿ 90 ನಿಮಿಷ ಓಡಬೇಕು. ಎದುರಿಗಿದ್ದ ಯುಗೊಸ್ಲಾವಿಯಾ ಅಂಥಿಂಥ ತಂಡವಲ್ಲ, ಆ ಕೂಟದ ಫೈನಲ್‌ವರೆಗೆ ಹೋಗಿ ಬೆಳ್ಳಿ ಪಡೆದ ತಂಡ. ಇವುಗಳಲ್ಲಿ ಯಾವುದನ್ನು ತರಬೇತುದಾರ ಒಂದೆರಡು ತಿಂಗಳಲ್ಲಿ ಬದಲಿಸಬಹುದಿತ್ತು?

ಸೋಲಿನ ಪಾಠವನ್ನು ಫುಟ್‌ಬಾಲ್ ಆಡಳಿತವೂ ಕಲಿಯಿತು. ಬೂಟು ತೊಡುವುದು ಕಡ್ಡಾಯವಾಯಿತು. ಇತ್ತ ರಹೀಂ ಹಂಗೆರಿ ತಂಡದ ಆಟದ ಕ್ರಮವನ್ನು ಅಭ್ಯಾಸ ಮಾಡಿ, ಮುಂಪಡೆಯ ನಡುವಿನ ಆಟಗಾರನನ್ನು ತುಸು ಹಿಂದಕ್ಕೆ ನಿಲ್ಲಿಸುವ ತಂತ್ರವನ್ನು ತಮ್ಮ ಹುಡುಗರಿಗೆ ಕಲಿಸಿದರು. ಹೆಲ್ಸಿಂಕಿಯ ಸೋಲು ಅವರ ವೃತ್ತಿಜೀವನದ ಕೊನೆಯ ಪುಟವಾಗಲಿಲ್ಲ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಭಾರತ ತಂಡ ಅವರ ಜೊತೆಯಲ್ಲಿಯೇ ಹೋಯಿತು.

ಬೀದರ್ ಮೈಸೂರು ರಾಜ್ಯಕ್ಕೆ ಸೇರಿ ಸರಿಯಾಗಿ ಒಂದು ತಿಂಗಳಿಗೆ, 1956ರ ಡಿಸೆಂಬರ್ 1ರಂದು, ಭಾರತ ಆತಿಥೇಯ ಆಸ್ಟ್ರೇಲಿಯಾವನ್ನು 4–2ರಿಂದ ಮಣಿಸಿತು. ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಸೆಮಿಫೈನಲ್‌ನಲ್ಲಿ ಎದುರಾದದ್ದು ಮತ್ತದೇ ಯುಗೊಸ್ಲಾವಿಯಾ. ಮೊದಲ ಗೋಲು ಭಾರತದ್ದೇ ಆಗಿತ್ತು, ಕೊನೆಗೆ ಸೋತದ್ದು 1–4ರಿಂದ. ನಾಲ್ಕು ವರ್ಷಗಳ ಹಿಂದೆ ಹತ್ತು ಗೋಲು ತಿಂದ ತಂಡ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು.

1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಮೊದಲ ಪಂದ್ಯದಲ್ಲಿಯೇ ದಕ್ಷಿಣ ಕೊರಿಯಾ ಎದುರು 0–2ರ ಸೋಲು. ಅಲ್ಲಿಗೆ ಕೈಚೆಲ್ಲಿದ್ದರೆ ಕಥೆ ಮುಗಿಯುತ್ತಿತ್ತು. ರಹೀಂ ತಂಡವನ್ನು ಮತ್ತೆ ಹದಗೊಳಿಸಿದರು. ರಕ್ಷಣಾ ಆಟಗಾರ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿದ್ದಾಗ ಅವರನ್ನು ಮುಂಪಡೆಗೆ ಕಳುಹಿಸುವ ಧೈರ್ಯ ಮಾಡಿದರು. ಫೈನಲ್‌ನಲ್ಲಿ ಅದೇ ದಕ್ಷಿಣ ಕೊರಿಯಾವನ್ನು 2–1ರಿಂದ ಸೋಲಿಸಿ ಭಾರತ ಚಿನ್ನ ಗೆದ್ದಿತು. ಆ ಎರಡು ಗೋಲುಗಳಲ್ಲಿ ಒಂದು ಜರ್ನೈಲ್ ಸಿಂಗ್ ಅವರದ್ದು. ಮರುವರ್ಷ, 1963ರ ಜೂನ್‌ನಲ್ಲಿ, ರಹೀಂ ಶ್ವಾಸಕೋಶದ ಕ್ಯಾನ್ಸರ್‌ಗೆ ಬಲಿಯಾದರು. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಚಿನ್ನ ಆಮೇಲೆ ಭಾರತಕ್ಕೆ ಮತ್ತೆ ಸಿಕ್ಕಿಲ್ಲ. 2024ರಲ್ಲಿ ತೆರೆಕಂಡ ‘ಮೈದಾನ್’ ಹಿಂದಿ ಚಿತ್ರದಿಂದಾಗಿ ಹೊಸ ತಲೆಮಾರಿಗೆ ಇವರ ಹೆಸರು ಪರಿಚಯವಾಯಿತು.

ಇಲ್ಲಿ ಎರಡೂ ಬಣದವರು ತಮ್ಮ ವಾದಕ್ಕೆ ಪುರಾವೆ ಹುಡುಕಬಹುದು. ‘ನೋಡಿ, ಒಬ್ಬ ತರಬೇತುದಾರನಿಂದ ಎಷ್ಟೆಲ್ಲ ಆಗುತ್ತದೆ’ ಎಂದು ಒಬ್ಬರು. ‘ನೋಡಿ, ಒಂದು ಸೋಲಿಗೆ ತಲೆ ತೆಗೆದಿದ್ದರೆ ಇದೆಲ್ಲ ಎಲ್ಲಿರುತ್ತಿತ್ತು’ ಎಂದು ಇನ್ನೊಬ್ಬರು. ಎರಡೂ ನಿಜವೇ. ಆದರೆ ಒಂದು ಮಾತು ಮರೆಯಬಾರದು. ರಹೀಂ ಕೇವಲ ತರಬೇತುದಾರರಾಗಿರಲಿಲ್ಲ, ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯೂ ಆಗಿದ್ದರು. ಚಿಕ್ಕ ವಯಸ್ಸಿನ ಹುಡುಗರನ್ನು ಗುರುತಿಸುವುದು, ಅವರಿಗೆ ಪಂದ್ಯಾವಳಿ ನಡೆಸುವುದು, ದೊಡ್ಡ ತಂಡಕ್ಕೆ ಕಳುಹಿಸುವುದು ಎಲ್ಲವೂ ಅವರ ಕೈಯಲ್ಲಿಯೇ ಇತ್ತು. ಬಿತ್ತುವವನೂ ಅವರೇ, ಕೊಯ್ಯುವವನೂ ಅವರೇ. ಇಂದಿನ ತರಬೇತುದಾರ ಬೇರೆಯವರು ಬಿತ್ತಿದ ಹೊಲಕ್ಕೆ ಸುಗ್ಗಿಯ ಹೊತ್ತಿಗೆ ಬರುವ ಕೂಲಿ.

ಕಂಠೀರವದ ಲೆಕ್ಕ

ಇನ್ನು ಇಂದಿನ ಮಾತು. ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಆಶ್ಲೆ ವೆಸ್ಟ್‌ವುಡ್ ಎಂಬ ಇಂಗ್ಲಿಷ್ ತರಬೇತುದಾರನ ಕೈಯಲ್ಲಿ ಮೊದಲ ವರ್ಷವೇ ಐ–ಲೀಗ್ ಗೆದ್ದು ದೇಶವನ್ನು ಬೆರಗಾಗಿಸಿತು. 2015–16ರಲ್ಲಿ ಮತ್ತೊಮ್ಮೆ ಗೆದ್ದಿತು. ಸ್ಪೇನಿನ ಆಲ್ಬರ್ಟ್ ರೋಕಾ ಬಂದ ವರ್ಷ, 2016ರಲ್ಲಿ, ಎಎಫ್‌ಸಿ ಕಪ್ ಫೈನಲ್ ತಲುಪಿತು. ಆ ಘಟ್ಟ ಮುಟ್ಟಿದ ಮೊದಲ ಭಾರತೀಯ ಕ್ಲಬ್ ಅದು. ಅವರ ನಂತರ ಬಂದ ಕಾರ್ಲೆಸ್ ಕ್ವಾಡ್ರಾಟ್ 2019ರ ಮಾರ್ಚ್‌ನಲ್ಲಿ ಇಂಡಿಯನ್ ಸೂಪರ್ ಲೀಗ್ ಕಿರೀಟ ತೊಡಿಸಿದರು.

ಅದೇ ಕ್ವಾಡ್ರಾಟ್ 2021ರ ಜನವರಿಯಲ್ಲಿ, ಸತತ ಮೂರು ಸೋಲುಗಳ ಬೆನ್ನಿಗೆ, ಕ್ಲಬ್ಬಿನಿಂದ ಹೊರನಡೆಯಬೇಕಾಯಿತು. ಕೊರೊನಾ ಕಾಲವದು. ಪಂದ್ಯಗಳೆಲ್ಲ ಗೋವಾದಲ್ಲಿ, ಪ್ರೇಕ್ಷಕರಿಲ್ಲದ ಮೈದಾನಗಳಲ್ಲಿ ನಡೆಯುತ್ತಿದ್ದವು. ತರಬೇತುದಾರ ಹೋದ ಮೇಲೆ ತಂಡ ಮೇಲೆದ್ದಿತೇ? ಇಲ್ಲ, ಆ ಋತುವನ್ನು ಏಳನೆಯ ಸ್ಥಾನದಲ್ಲಿ ಮುಗಿಸಿತು.

ಮುಂದಿನ ಕಥೆ ಇನ್ನೂ ಕುತೂಹಲಕರ. 2022ರಲ್ಲಿ ಬಂದ ಸೈಮನ್ ಗ್ರೇಸನ್ ಆ ಸೆಪ್ಟೆಂಬರ್‌ನಲ್ಲಿ ಡ್ಯುರಾಂಡ್ ಕಪ್ ಗೆಲ್ಲಿಸಿದರು. ನಂತರ ಲೀಗ್‌ನಲ್ಲಿ ಸೋಲಿನ ಮೇಲೆ ಸೋಲು. ತಂಡ ಪಟ್ಟಿಯ ಕೆಳಗಿನ ಸಾಲಿಗೆ ಜಾರಿತು. ಕ್ಲಬ್ಬು ಕಾದು ನೋಡಿತು. ಅದೇ ತರಬೇತುದಾರ, ಬಹುಮಟ್ಟಿಗೆ ಅದೇ ಆಟಗಾರರು, ಲೀಗ್ ಹಂತದ ಕೊನೆಯ ಎಂಟು ಪಂದ್ಯಗಳನ್ನು ಸತತವಾಗಿ ಗೆದ್ದರು! 2023ರ ಮಾರ್ಚ್‌ನಲ್ಲಿ ಫೈನಲ್ ತಲುಪಿ ಪೆನಾಲ್ಟಿಗಳಲ್ಲಿ ಸೋತರು. ಅದೇ ವರ್ಷದ ಡಿಸೆಂಬರ್‌ನಲ್ಲಿ, ಮುಂಬೈ ಸಿಟಿ ಎದುರು 0–4ರ ಸೋಲಿನ ಮರುದಿನ, ಗ್ರೇಸನ್ ಕೂಡ ಹೊರಗೆ. ಅವರ ಬದಲಿಗೆ ಬಂದ ಜೆರಾರ್ಡ್ ಸರಗೋಸಾ ಕೈಯಲ್ಲಿ ತಂಡ ಆ ಋತುವನ್ನು ಹತ್ತನೆಯ ಸ್ಥಾನದಲ್ಲಿ ಮುಗಿಸಿತು. ಅವರಿಗೆ ಪೂರ್ತಿ ಒಂದು ಋತು ಸಿಕ್ಕಾಗ, 2025ರ ಏಪ್ರಿಲ್‌ನಲ್ಲಿ, ಮತ್ತೆ ಫೈನಲ್ ಮುಟ್ಟಿತು.

ಒಬ್ಬನೇ ತರಬೇತುದಾರ ಒಂದು ವರ್ಷ ಜಾಣ, ಮರುವರ್ಷ ದಡ್ಡ ಆಗುವುದು ಹೇಗೆ ಎಂದು ಕಂಠೀರವ ಕ್ರೀಡಾಂಗಣದ ಅಭಿಮಾನಿಗಳು ಕೇಳಿಕೊಳ್ಳಬೇಕಾದ ಪ್ರಶ್ನೆ.

ಕತ್ತೆ ಮದುವೆ ಮತ್ತು ಮಳೆ

ಇದಕ್ಕೆ ಸಂಖ್ಯಾಶಾಸ್ತ್ರಜ್ಞರ ಬಳಿ ಒಂದು ಉತ್ತರವಿದೆ. ನೆದರ್ಲೆಂಡ್ಸ್‌ನ ಅರ್ಥಶಾಸ್ತ್ರಜ್ಞ ಬಾಸ್ ಟರ್ ವೇಲ್ 1986ರಿಂದ 2004ರವರೆಗಿನ ಡಚ್ ಲೀಗ್ ಪಂದ್ಯಗಳನ್ನು ಪರಿಶೀಲಿಸಿದರು. ಸೋಲುತ್ತಿದ್ದಾಗ ತರಬೇತುದಾರನನ್ನು ಬದಲಿಸಿದ ತಂಡಗಳು ಸ್ವಲ್ಪ ಕಾಲದಲ್ಲಿ ಚೇತರಿಸಿಕೊಂಡಿದ್ದವು. ಆದರೆ ಅಷ್ಟೇ ಸೋತೂ ತರಬೇತುದಾರನನ್ನು ಉಳಿಸಿಕೊಂಡ ತಂಡಗಳು ಸಹ ಹೆಚ್ಚುಕಡಿಮೆ ಹಾಗೆಯೇ ಚೇತರಿಸಿಕೊಂಡಿದ್ದವು!

ನಮ್ಮ ಕಡೆಯ ಉದಾಹರಣೆ ಕೊಟ್ಟರೆ ಇದು ಬೇಗ ಅರ್ಥವಾಗುತ್ತದೆ. ಮಳೆ ಕೈಕೊಟ್ಟಾಗ ಹಳ್ಳಿಗಳಲ್ಲಿ ಕತ್ತೆಗಳಿಗೆ ಮದುವೆ ಮಾಡಿಸುತ್ತಾರೆ. ಮದುವೆ ಮಾಡುವುದು ಯಾವಾಗ? ಒಣಹವೆ ತುಂಬ ದಿನ ಮುಂದುವರಿದ ಮೇಲೆ. ಅಷ್ಟು ದಿನ ಕಾದ ಮೇಲೆ ಇಂದಲ್ಲ ನಾಳೆ ಮಳೆ ಬಂದೇ ಬರುತ್ತದೆ. ಬಂದಾಗ ಕೀರ್ತಿ ಕತ್ತೆಗಳಿಗೆ. ಕ್ಲಬ್ಬುಗಳು ತರಬೇತುದಾರನನ್ನು ತೆಗೆಯುವುದೂ ತಂಡ ತಳ ಮುಟ್ಟಿದಾಗಲೇ. ತಳ ಮುಟ್ಟಿದ್ದು ಮೇಲೆ ಬರದೆ ಇನ್ನೆಲ್ಲಿಗೆ ಹೋದೀತು?

ಇದರ ಅರ್ಥ ತರಬೇತುದಾರರೆಲ್ಲ ನಿರಪರಾಧಿಗಳೆಂದಲ್ಲ. ತಪ್ಪು ಆಟಗಾರರನ್ನು ಇಳಿಸುವವರು, ಹಟ ಹಿಡಿದು ಹಳೆಯ ತಂತ್ರಕ್ಕೇ ಜೋತುಬೀಳುವವರು, ಆಟಗಾರರ ವಿಶ್ವಾಸ ಕಳೆದುಕೊಂಡವರು ಇದ್ದೇ ಇದ್ದಾರೆ. ಅಂಥವರನ್ನು ಇಟ್ಟುಕೊಳ್ಳುವುದು ತಾಳ್ಮೆಯಲ್ಲ, ಸೋಮಾರಿತನ. ಪ್ರಶ್ನೆ ಇರುವುದು ತಪ್ಪು ಅವರದ್ದೇ ಎಂದು ನಾವು ಹೇಗೆ ಗೊತ್ತುಮಾಡಿಕೊಂಡೆವು ಎಂಬುದರಲ್ಲಿ.

ಭಾರತ ತಂಡದ ಇತ್ತೀಚಿನ ಪಾಡು ಇದಕ್ಕೆ ಸಾಕ್ಷಿ. ಇಗೊರ್ ಸ್ಟಿಮಾಚ್ 2023ರ ಜುಲೈನಲ್ಲಿ ಬೆಂಗಳೂರಿನಲ್ಲಿಯೇ ಸ್ಯಾಫ್ ಚಾಂಪಿಯನ್‌ಷಿಪ್ ಗೆಲ್ಲಿಸಿಕೊಟ್ಟಾಗ ಜನ ಹೊತ್ತು ಮೆರೆದರು. 2024ರ ಜನವರಿಯ ಏಷ್ಯಾ ಕಪ್‌ನಲ್ಲಿ ಭಾರತ ಮೂರೂ ಪಂದ್ಯ ಸೋತಿತು, ಒಂದೂ ಗೋಲು ಹೊಡೆಯಲಿಲ್ಲ. ವಿಶ್ವಕಪ್ ಅರ್ಹತಾ ಹಂತದಿಂದ ಹೊರಬಿದ್ದ ಮೇಲೆ ಜೂನ್‌ನಲ್ಲಿ ಅವರನ್ನು ವಜಾ ಮಾಡಲಾಯಿತು. ಆಮೇಲೆ ಬಂದ ಮಾನೊಲೊ ಮಾರ್ಕೆಸ್ ಒಂದು ವರ್ಷದಲ್ಲಿ ನಿರ್ಗಮಿಸಿದರು. 2025ರ ಆಗಸ್ಟ್‌ನಲ್ಲಿ ಖಾಲಿದ್ ಜಮೀಲ್ ಬಂದರು. ಅಕ್ಟೋಬರ್‌ನಲ್ಲಿ ಸಿಂಗಪುರ ಎದುರು ಸೋತು ಭಾರತ 2027ರ ಏಷ್ಯಾ ಕಪ್ ಅವಕಾಶವನ್ನೇ ಕಳೆದುಕೊಂಡಿತು. ಹದಿನಾರು ತಿಂಗಳಲ್ಲಿ ಮೂವರು ತರಬೇತುದಾರರು, ಗೋಲಿನ ಬರ ಮಾತ್ರ ಹಾಗೆಯೇ. ಬಾವಿಯಲ್ಲಿ ನೀರಿಲ್ಲದಿದ್ದರೆ ಹಗ್ಗ ಬದಲಿಸಿ ಫಲವೇನು?

ಕರ್ನಾಟಕ ಇದಕ್ಕೆ ಇನ್ನೊಂದು ಮುಖ ತೋರಿಸಿದೆ. ಮೈಸೂರು ರಾಜ್ಯವಾಗಿದ್ದಾಗ 1968–69ರಲ್ಲಿ ಸಂತೋಷ್ ಟ್ರೋಫಿ ಗೆದ್ದ ನಮ್ಮ ತಂಡ ಮತ್ತೆ ಅದನ್ನು ಎತ್ತಿಹಿಡಿಯಲು 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಆ ಬರ ನೀಗಿತು. ಅರ್ಧ ಶತಮಾನದ ಹಿನ್ನಡೆಯನ್ನು ಯಾವ ಒಬ್ಬ ತರಬೇತುದಾರನ ಹಣೆಗೆ ಅಂಟಿಸೋಣ?

ಕೋಟೆಯ ಊರಿಗೆ ಗೊತ್ತಿರುವ ಪಾಠ

ಬೀದರಿನವರಿಗೆ ‘ಒಬ್ಬನನ್ನು ತೆಗೆದರೆ ಎಲ್ಲ ಸರಿಹೋಗುತ್ತದೆ’ ಎಂಬ ಮಾತಿನ ಬೆಲೆ ಐದು ಶತಮಾನಗಳಿಂದ ಗೊತ್ತಿದೆ. 1472ರಲ್ಲಿ ಊರ ನಡುವೆ ಮದರಸಾ ಕಟ್ಟಿಸಿದ ಬಹಮನಿ ಪ್ರಧಾನಿ ಮಹಮೂದ್ ಗವಾನ್‌ನನ್ನು ದರಬಾರಿನ ವಿರೋಧಿಗಳು ಒಂದು ಖೋಟಾ ಪತ್ರದಿಂದ ದ್ರೋಹಿಯೆಂದು ಬಿಂಬಿಸಿದರು. ವಿಚಾರಣೆಯಿಲ್ಲದೆ 1481ರ ಏಪ್ರಿಲ್‌ನಲ್ಲಿ ಆತನ ತಲೆ ಉರುಳಿತು. ಅವಸರದ ಆಜ್ಞೆ ಕೊಟ್ಟ ಸುಲ್ತಾನ ಮೂರನೆಯ ಮುಹಮ್ಮದ್ ಮರುವರ್ಷವೇ ತೀರಿಕೊಂಡ. ರಾಜ್ಯ ಐದು ಹೋಳಾಯಿತು.

ಗವಾನ್‌ನ ಸಾವು ಪಿತೂರಿಯ ಫಲ, ಆಟದ ಸೋಲಲ್ಲ. ಫುಟ್‌ಬಾಲ್ ತರಬೇತುದಾರ ಹೆಚ್ಚೆಂದರೆ ಕೆಲಸ ಕಳೆದುಕೊಳ್ಳುತ್ತಾನೆ, ಇನ್ನೊಂದೂರಿಗೆ ಹೋಗಿ ಮತ್ತೆ ಸಂಬಳ ಎಣಿಸುತ್ತಾನೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ಮನಸ್ಸಿನ ಓಟ ಒಂದೇ. ದರಬಾರಿನ ಬಣಗಳ ಜಗಳ ಗವಾನ್ ಹೋದ ಮೇಲೂ ಉಳಿಯಿತು, ಅದನ್ನು ಹಿಡಿದಿಟ್ಟಿದ್ದ ಕೈ ಮಾತ್ರ ಇಲ್ಲವಾಯಿತು.

ಹಾಗಾದರೆ ಅಭಿಮಾನಿ ಏನು ಮಾಡಬೇಕು? ವಾದ ಬಿಡಬೇಕಿಲ್ಲ, ವಾದವಿಲ್ಲದ ಆಟ ಉಪ್ಪಿಲ್ಲದ ಊಟ. ಬೈಯುವ ಮುಂಚೆ ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು. ಆಟಗಾರರನ್ನು ಆರಿಸಿದವನು ಆತನೇ ಅಥವಾ ಬೇರೆಯವರು ಆರಿಸಿಕೊಟ್ಟರೇ? ಆತನಿಗೆ ಕೆಲಸಕ್ಕೆ ಸಿಕ್ಕ ಕಾಲವೆಷ್ಟು? ಆತನ ಹಿಂದಿನವನೂ ಹೀಗೆಯೇ ಸೋತಿದ್ದನೇ? ಮೂರನೆಯ ಪ್ರಶ್ನೆಗೆ ‘ಹೌದು’ ಎಂಬ ಉತ್ತರ ಬಂದರೆ ತಪ್ಪನ್ನು ಗೆರೆಯಾಚೆ ನಿಂತವನಲ್ಲಿ ಹುಡುಕುವುದನ್ನು ಬಿಟ್ಟು ಕಚೇರಿಯ ಕುರ್ಚಿಗಳತ್ತ ನೋಡಬೇಕು.

ಈ ಮಾತು ದೊಡ್ಡ ಕ್ಲಬ್ಬುಗಳಿಗೆ ಮಾತ್ರ ಸೀಮಿತವಲ್ಲ. ಔರಾದ್ ಕಡೆಯ ಯಾವುದೋ ಪ್ರೌಢಶಾಲೆಯ ತಂಡ ಜಿಲ್ಲಾ ಮಟ್ಟದಲ್ಲಿ ಸೋತು ಬಂದಾಗ ಮೊದಲು ಬೈಗುಳ ತಿನ್ನುವವರು ದೈಹಿಕ ಶಿಕ್ಷಕರು. ಆ ಮೇಷ್ಟ್ರಿಗೆ ಸಮನಾದ ಮೈದಾನವಿತ್ತೇ, ಗಾಳಿ ನಿಲ್ಲುವ ಚೆಂಡಿತ್ತೇ, ಮಕ್ಕಳನ್ನು ಬಿಸಿಲಿಳಿದ ಮೇಲೆ ಒಂದು ಗಂಟೆ ಆಡಿಸಲು ವೇಳಾಪಟ್ಟಿಯಲ್ಲಿ ಜಾಗವಿತ್ತೇ ಎಂದು ಯಾರೂ ಕೇಳುವುದಿಲ್ಲ. ಹತ್ತು ಗೋಲು ತಿಂದ ತಂಡವನ್ನು ನಾಲ್ಕು ವರ್ಷದಲ್ಲಿ ಒಲಿಂಪಿಕ್ಸ್ ಸೆಮಿಫೈನಲ್‌ಗೆ ಒಯ್ದ ರಹೀಂ ಸಾಹೇಬರೂ ಶಾಲೆಯ ಮೇಷ್ಟ್ರೇ ಆಗಿದ್ದರು. ಅವರಿಗೆ ಸಿಕ್ಕ ಕಾಲ, ಅವರ ಕೈಯಲ್ಲಿದ್ದ ಅಧಿಕಾರ ನಮ್ಮ ಮೇಷ್ಟ್ರುಗಳಿಗೂ ಸಿಕ್ಕ ಮೇಲೆ ಹೊಣೆಯ ಲೆಕ್ಕ ಕೇಳಿದರೆ ಅದು ನ್ಯಾಯ.